ಕಳ್ಳ ಲೋಟ

ಕಲ್ಲಂಗಡಿ ಹಣ್ಣಿನ ಐಸ್‌ಕ್ಯಾಂಡಿ ಉಪ್ಪಾಗಿರುತ್ತದೆಯೇ? ನೀವೇ ಹೇಳಿ. ನಾನಂತೂ ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಫ್ರೀಜರಿನಿಂದ ತೆಗೆದು ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟರು. ಎಷ್ಟೋ ದಿನದ ಮೇಲೆ ಮಾಡಿದ್ದಾರಲ್ಲ ಎಂದು ನಾನು ಆಸೆಯಿಂದ ಬಾಯಿಗಿಟ್ಟೆ. ಇಟ್ಟವಳು ಹಾಗೇ ಕಲ್ಲಾಗಿ ಕೂತುಬಿಟ್ಟೆ. ಉಪ್ಪು ಅಂದರೆ ಅಂತಿಂಥ ಉಪ್ಪಲ್ಲ. ಸಾಲದ್ದಕ್ಕೆ ಸರಿಯಾಗಿ ಗಟ್ಟಿಯೂ ಆಗಿರಲಿಲ್ಲ. ಎರಡನೆಯ ಸಲ ಕಚ್ಚುವಷ್ಟರಲ್ಲಿ ಕಡ್ಡಿ ಕೈಯಲ್ಲಿ ಉಳಿದು ಮಿಕ್ಕದ್ದೆಲ್ಲ ಪಚಕ್ಕನೆ ನನ್ನ ಮಡಿಲಿಗೆ ಬಿತ್ತು.

ಸುತ್ತ ನೋಡಿದೆ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮಾವ ಕಣ್ಣು ಮುಚ್ಚಿಕೊಂಡು ಚೀಪುತ್ತಿದ್ದರು. ನನ್ನ ಗಂಡ ಆಗಲೇ ತಿಂದು ಮುಗಿಸಿ ಬರೀ ಕಡ್ಡಿಯನ್ನು ತಿರುಗಿಸುತ್ತಾ ಕೂತಿದ್ದರು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ ಅತ್ತೆ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು.

"ಹೇಗಿದೆ?" ಎಂದು ಕೇಳಿದರು.

"ಅಮೃತ!" ಅಂದರು ಮಾವ, ಕಣ್ಣು ತೆರೆಯದೆ.

"ಚೆನ್ನಾಗಿದೆ ಅಮ್ಮ" ಅಂದರು ನನ್ನ ಗಂಡ.

ಅತ್ತೆಯ ಕಣ್ಣು ನನ್ನ ಮೇಲೆ ನಿಂತಿತು. ನಾನು ಮಡಿಲನ್ನು ಒರೆಸಿಕೊಳ್ಳುತ್ತಾ "ಚೆನ್ನಾಗಿದೆ ಅತ್ತೆ" ಅಂದೆ. ಇನ್ನೇನು ಹೇಳಲಿ? ಮನೆಯಲ್ಲಿ ಇಬ್ಬರು ಅಮೃತ ಅನ್ನುತ್ತಿರುವಾಗ ನಾನೊಬ್ಬಳು ಉಪ್ಪು ಅಂದರೆ ನನ್ನ ಮಾನ ಉಳಿಯುತ್ತದೆಯೇ? ಹೊಗಳಿದರೆ ಯಾರಾದರೂ ಖುಷಿಪಡಬೇಕಲ್ಲ. ಅತ್ತೆಯ ಮುಖ ಮಾತ್ರ ಇಷ್ಟೇ ಇಷ್ಟಾಯಿತು. ಖಾಲಿ ತಟ್ಟೆ ತೆಗೆದುಕೊಂಡು ಒಳಗೆ ಹೋಗಿಬಿಟ್ಟರು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಯಾಕೆ ಅರ್ಥವಾಗಲಿಲ್ಲ ಅನ್ನುವುದು ನಿಮಗೆ ತಿಳಿಯಬೇಕಾದರೆ ನಮ್ಮ ಅತ್ತೆ ಎಂಥವರು ಅನ್ನುವುದನ್ನು ಮೊದಲು ಹೇಳಬೇಕು.

ಅತ್ತೆ ಹರೆಯದಲ್ಲಿ ಹಣ್ಣಿನ ರಸ ತಯಾರಿಸುವ ಕಾರ್ಖಾನೆಗೆ ಬಾಟಲಿ ತೊಳೆಯಲು ಸೇರಿದವರು. ಒಂದು ದಿನ ಬಿಡುವಿನ ಹೊತ್ತಿನಲ್ಲಿ ಕೆಲಸದವರಿಗೆಲ್ಲ ಕಿತ್ತಳೆ ರಸ ಕೊಟ್ಟರಂತೆ. ಇವರು ಒಂದು ಗುಟುಕು ಕುಡಿದು "ಇದರಲ್ಲಿ ತಗಡಿನ ರುಚಿ ಇದೆ" ಅಂದರಂತೆ. ಎಲ್ಲರೂ ನಕ್ಕರು. ಆಮೇಲೆ ನೋಡಿದರೆ ಒಂದು ಡ್ರಮ್ಮಿನ ತಳ ಒಳಗಿನಿಂದ ತುಕ್ಕು ಹಿಡಿದಿತ್ತು. ಮಾರನೆಯ ದಿನವೇ ಮೇಲ್ವಿಚಾರಕರು ಇವರನ್ನು ರುಚಿ ನೋಡುವ ಕೋಣೆಗೆ ಹಾಕಿದರು. ಅಲ್ಲಿಂದ ನಿವೃತ್ತಿಯವರೆಗೂ ಅದೇ ಕೋಣೆ, ಅದೇ ಬಿಳಿ ಕೋಟು. ಕಿಟಕಿ ಮುಚ್ಚಿರಬೇಕು, ಮಾತಾಡಬಾರದು, ಮುಖಕ್ಕೆ ಪೌಡರ್ ಹಚ್ಚಬಾರದು, ಈರುಳ್ಳಿ ತಿಂದು ಬರಬಾರದು. ಸಾಲಾಗಿ ಚಿಕ್ಕ ಚಿಕ್ಕ ಗಾಜಿನ ಲೋಟ ಇಡುತ್ತಾರೆ, ಕುಡಿದು ಸರಿ ಇದೆಯೋ ಇಲ್ಲವೋ ಹೇಳಬೇಕು. ಅಲ್ಲಿನವರು ಅತ್ತೆಗೆ ಇಟ್ಟ ಹೆಸರು 'ತಕ್ಕಡಿ'.

ಆ ಕೋಣೆಯದು ಒಂದು ಪದ್ಧತಿ ಇತ್ತು. ರುಚಿ ನೋಡುವವರು ಎಚ್ಚರವಾಗಿದ್ದಾರೋ, ಸುಮ್ಮನೆ ತಲೆ ಆಡಿಸುತ್ತಿದ್ದಾರೋ ಅಂತ ತಿಳಿಯಲು ಮೇಲ್ವಿಚಾರಕರು ಆಗಾಗ ಒಳ್ಳೆಯ ಲೋಟಗಳ ಮಧ್ಯೆ ಬೇಕಂತಲೇ ಕೆಡಿಸಿದ ಒಂದು ಲೋಟ ಇಡುತ್ತಿದ್ದರು. ಒಂದು ಚಿಟಿಕೆ ಉಪ್ಪೋ, ಒಂದು ಹನಿ ಕಹಿಯೋ ಹಾಕಿರುತ್ತಿದ್ದರು. ಅದಕ್ಕೆ ಕೆಲಸದವರು ಇಟ್ಟ ಹೆಸರು ಕಳ್ಳ ಲೋಟ. ಅದನ್ನು ಕುಡಿದು "ಚೆನ್ನಾಗಿದೆ" ಅಂದವರು ಎಷ್ಟು ಹಳಬರಾದರೂ ಸರಿ, ಸಂಜೆಯೊಳಗೆ ಆ ಕೋಣೆಯಿಂದ ಆಚೆ. ಅತ್ತೆ ಒಂದೇ ಒಂದು ಕಳ್ಳ ಲೋಟವನ್ನೂ ಬಿಟ್ಟವರಲ್ಲ. ಇದನ್ನು ನಮಗೆ ನೂರು ಸಲ ಹೇಳಿದ್ದಾರೆ. ಪ್ರತಿ ಸಲವೂ ಮಾವ "ಆಯ್ತು ಮಾರಾಯ್ತಿ, ಗೊತ್ತಾಯ್ತು" ಅನ್ನುತ್ತಾರೆ.

ಅಂಥವರಿಗೆ ಸೊಸೆಯಾಗಿ ಬಂದವಳ ಪಾಡು ಕೇಳಬೇಡಿ. ಸೊಪ್ಪು ಒಂದು ಕುದಿ ಹೆಚ್ಚಾಯಿತು ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಹಾಲನ್ನು ಯಾವ ಪಾತ್ರೆಯಲ್ಲಿ ಕಾಯಿಸಿದೆ ಅನ್ನುವುದೂ ಗೊತ್ತಾಗುತ್ತದೆ. ಬೈಯುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ತುತ್ತು ಬಾಯಿಗಿಟ್ಟು ಒಂದು ಕ್ಷಣ ನಿಲ್ಲಿಸುತ್ತಿದ್ದರಲ್ಲ, ಆಗ ನನ್ನ ಜೀವ ಕೈಗೆ ಬರುತ್ತಿತ್ತು. ಅವರ ಕೈಯಡುಗೆಯ ಬಗ್ಗೆ ಮಾತ್ರ ಯಾರೂ ಏನೂ ಹೇಳುವ ಪ್ರಶ್ನೆಯೇ ಇರಲಿಲ್ಲ. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುವುದು ನಮ್ಮ ಮನೆಯಲ್ಲಿ ಕರೆದರೆ "ಹಾಂ" ಅಂದಷ್ಟೇ ರೂಢಿಯಾಗಿತ್ತು.

ನಿವೃತ್ತಿಯಾದ ಮೇಲೆ ಅತ್ತೆಗೆ ಕೈ ಕಟ್ಟಿ ಕೂರಲು ಆಗಲಿಲ್ಲ. ಮೇಲಿನ ಮನೆಯಲ್ಲಿ ಒಬ್ಬ ನರ್ಸಮ್ಮ ಇದ್ದಾಳೆ. ಮಕ್ಕಳ ಆಸ್ಪತ್ರೆಯಲ್ಲಿ, ಗಂಟಲು ಆಪರೇಷನ್ ಆದ ಮಕ್ಕಳನ್ನು ಮಲಗಿಸುವ ವಾರ್ಡಿನಲ್ಲಿ ಅವಳ ಕೆಲಸ. ಆ ಮಕ್ಕಳು ನೋವಿಗೆ ಹೆದರಿ ಬಾಯಿಯನ್ನೇ ತೆರೆಯುವುದಿಲ್ಲವಂತೆ. ತಣ್ಣಗಿರುವುದು ಕೊಟ್ಟರೆ ಮಾತ್ರ ಹೇಗೋ ನುಂಗುತ್ತವೆ. ಅಂಗಡಿಯ ಐಸ್‌ಕ್ಯಾಂಡಿ ಬರೀ ಬಣ್ಣ, ಬರೀ ಸಕ್ಕರೆ, ಅದನ್ನು ಕೊಡುವುದು ಡಾಕ್ಟರಿಗೆ ಇಷ್ಟವಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ನಿಂತು ಅವಳು ಹೀಗೆ ಗೋಳು ಹೇಳಿಕೊಳ್ಳುತ್ತಿದ್ದಾಗ ಅತ್ತೆ "ಅಷ್ಟೇ ತಾನೇ, ನಾನು ಮಾಡಿಕೊಡ್ತೀನಿ ಬಿಡಮ್ಮ" ಅಂದುಬಿಟ್ಟರು.

ಅಲ್ಲಿಂದ ನಮ್ಮ ಅಡುಗೆಮನೆಯೇ ಒಂದು ಕಾರ್ಖಾನೆ. ಕರಬೂಜ, ಪಪ್ಪಾಯಿ, ಬಾಳೆ, ಮಾವು, ಯಾವ ಹಣ್ಣು ಪೂರ್ತಿ ಮಾಗಿದೆಯೋ ಅದು. ಸಕ್ಕರೆ ಮುಟ್ಟುವ ಹಾಗಿಲ್ಲ. ಸಿಹಿ ಸಾಲದಿದ್ದರೆ ನೆನೆಸಿದ ಖರ್ಜೂರ ಅರೆದು ಹಾಕಬೇಕು. ಮಿಕ್ಸಿಯಲ್ಲಿ ನುಣ್ಣಗಾದ ಮೇಲೂ ತೆಳು ಬಟ್ಟೆಯಲ್ಲಿ ಸೋಸಬೇಕು, ಒಂದು ನಾರೂ ಗಂಟಲಿಗೆ ಸಿಗಬಾರದು. ಪುಟ್ಟ ಸ್ಟೀಲ್ ಲೋಟಗಳಿಗೆ ಹೊಯ್ದು ಫ್ರೀಜರಿನಲ್ಲಿ ಇಟ್ಟು, ಅರ್ಧ ಹೆಪ್ಪುಗಟ್ಟಿದಾಗ ಕಡ್ಡಿ ಚುಚ್ಚಬೇಕು. ಮೊದಲೇ ಚುಚ್ಚಿದರೆ ವಾಲುತ್ತದೆ, ತಡವಾದರೆ ಒಳಗೆ ಇಳಿಯುವುದಿಲ್ಲ. ಇದನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಕಷ್ಟವಿರುವುದು ಹೊಯ್ಯುವ ಮೊದಲು ರುಚಿ ನೋಡುವುದರಲ್ಲಿ. ತಣ್ಣಗಾದಾಗ ಸಿಹಿ ಅಡಗಿಬಿಡುತ್ತದೆ. ಹಾಗಾಗಿ ಹೊಯ್ಯುವಾಗ ಬಾಯಿಗೆ ಸ್ವಲ್ಪ ಅತಿ ಅನ್ನಿಸಬೇಕು. ಹುಳಿ ಮಾತ್ರ ಒಂಚೂರೂ ಮುಂದೆ ಬರಬಾರದು. ಹಸಿ ಗಂಟಲಿಗೆ ಹುಳಿ ತಾಗಿದರೆ ಬೆಂಕಿ ಬಿದ್ದಂತಾಗುತ್ತದೆ, ಆ ಮಗು ಆಮೇಲೆ ನೀರಿಗೂ ಬಾಯಿ ತೆರೆಯುವುದಿಲ್ಲ. ಅಳತೆ ಅಂತ ಬರೆದಿಡೋಣವೆಂದರೆ ಒಂದು ಹಣ್ಣಿನ ಹಾಗೆ ಇನ್ನೊಂದು ಇರುವುದಿಲ್ಲ. ಅತ್ತೆಯ ಹತ್ತಿರ ಉದ್ದ ಹಿಡಿಯ ಒಂದು ಪುಟ್ಟ ಚಮಚ ಇತ್ತು, ಕಾರ್ಖಾನೆಯಿಂದ ಬಂದದ್ದು. ಅದರಲ್ಲಿ ನೆಕ್ಕಿ ನೋಡಿ ತಲೆ ಆಡಿಸಿದರೆ ಆಯಿತು. ಆ ಚಮಚವನ್ನು ನಾವ್ಯಾರೂ ಮುಟ್ಟುತ್ತಿರಲಿಲ್ಲ.

ಶುಕ್ರವಾರ ಶುಕ್ರವಾರ ನರ್ಸಮ್ಮ ಬಂದು ಚೀಲ ತುಂಬಿಸಿಕೊಂಡು ಹೋಗುತ್ತಿದ್ದಳು. ಬಂದಾಗ ಕಥೆ ಹೇಳುತ್ತಿದ್ದಳು. ಒಂದು ಹುಡುಗಿ ಆಪರೇಷನ್ ಆದಮೇಲೆ ಅಮ್ಮನ ಹತ್ತಿರವೂ ಬಾಯಿ ತೆರೆಯದವಳು, ಅತ್ತೆಯ ಕರಬೂಜದ ಕ್ಯಾಂಡಿಯನ್ನು ಮೊದಲು ಕೆನ್ನೆಗೆ ಒತ್ತಿಕೊಂಡು, ಆಮೇಲೆ ತುಟಿಗಿಟ್ಟು, ಆಮೇಲೆ ಪೂರ್ತಿ ತಿಂದು "ಐಸ್ ಅಜ್ಜಿ ನಾಳೆನೂ ಕೊಡ್ತಾರಾ?" ಅಂತ ಕೇಳಿದಳಂತೆ. ಅವತ್ತಿನಿಂದ ಆ ವಾರ್ಡಿನಲ್ಲಿ ನಮ್ಮ ಅತ್ತೆ ಐಸ್ ಅಜ್ಜಿ. ಅತ್ತೆ ಆ ವಾರ್ಡಿನ ಬಾಗಿಲನ್ನೂ ನೋಡಿದವರಲ್ಲ. ಆದರೂ ಆ ಹೆಸರು ಕೇಳಿ ಎಷ್ಟು ಉಬ್ಬಿದರು ಅಂದರೆ, ಮಾವ "ಇಷ್ಟು ವರ್ಷ ಬಸ್ಸು ಓಡಿಸಿದೆ, ನನಗೆ ಯಾರೂ ಒಂದು ಹೆಸರಿಡಲಿಲ್ಲ" ಅಂತ ಗೊಣಗಿದರು.

ಚಳಿಗಾಲದ ಕೊನೆಯಲ್ಲಿ ಮನೆಮಂದಿಗೆಲ್ಲ ಜ್ವರ ಬಂತು, ಹೋಯಿತು. ಅತ್ತೆಗೂ ಬಂದು ಹೋಯಿತು. ಅದಾದ ಮೇಲೆ ಶುಕ್ರವಾರದ ಚೀಲ ನಿಂತುಬಿಟ್ಟಿತು. ನರ್ಸಮ್ಮ ಬಂದು ಕೇಳಿದರೆ "ಈ ವಾರ ಹಣ್ಣು ಚೆನ್ನಾಗಿ ಸಿಕ್ಕಿಲ್ಲಮ್ಮ" ಅಂದರು. ಅವರ ಹಿಂದೆಯೇ ಬುಟ್ಟಿ ತುಂಬ ಹಣ್ಣು ಘಮ್ಮೆನ್ನುತ್ತಿತ್ತು. ನರ್ಸಮ್ಮ ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ.

ಅದರ ಬೆನ್ನಿಗೇ ಈ ಉಪ್ಪು ಕಲ್ಲಂಗಡಿ.

ಮೊದಲು ನನಗೆ ಬಂದ ಅನುಮಾನ ನನ್ನ ನಾಲಿಗೆಯ ಮೇಲೆಯೇ. ಮಾವ ಅಮೃತ ಅಂದರು, ಗಂಡ ಪೂರ್ತಿ ತಿಂದರು, ಮಾಡಿದವರು ತಕ್ಕಡಿ. ಹಾಗಾದರೆ ಕೆಟ್ಟಿರುವುದು ನನ್ನದೇ. ನಾನು ಲಾಂಡ್ರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಮಾರನೆಯ ದಿನ ಅಲ್ಲಿಗೆ ಒಂದು ಪೊಟ್ಟಣ ಸಕ್ಕರೆ, ಒಂದು ಚೂರು ನಿಂಬೆಹಣ್ಣು, ಒಂದು ಹರಳು ಉಪ್ಪು ತೆಗೆದುಕೊಂಡು ಹೋಗಿ ಒಂದೊಂದನ್ನೇ ನೆಕ್ಕುತ್ತಾ ಕೂತೆ. ಇಸ್ತ್ರಿ ಮಾಡುವಾತ ಬಗ್ಗಿ ನೋಡಿ "ಏನಕ್ಕಾ, ಆರಾಮಾಗಿದ್ದೀರಾ?" ಅಂದ. ಸಿಹಿ ಸಿಹಿಯಾಗಿಯೇ ಇತ್ತು, ಹುಳಿ ಹುಳಿಯಾಗಿಯೇ ಇತ್ತು. ಸಂಜೆ ನರ್ಸಮ್ಮನ ಮನೆಗೆ ಹೋಗಿ ನಾಲಿಗೆ ಚಾಚಿದೆ. ಅವಳು ಟಾರ್ಚು ಬಿಟ್ಟು ನೋಡಿ "ಏನೂ ಆಗಿಲ್ಲಕ್ಕಾ, ಚೆನ್ನಾಗಿದೆ" ಅಂದಳು. ಗಂಡನ ಹತ್ತಿರ ಮೆಲ್ಲಗೆ ಬಾಯಿ ಬಿಟ್ಟೆ, ರೀ, ಯಾಕೋ ನನಗೆ ರುಚಿ ಹೆಚ್ಚುಕಮ್ಮಿ ಆಗ್ತಿದೆ ಅಂತ. ಆ ಪುಣ್ಯಾತ್ಮ ಸುತ್ತಮುತ್ತ ನೋಡಿ, ದನಿ ತಗ್ಗಿಸಿ "ಏನಾದ್ರೂ ವಿಶೇಷಾನಾ?" ಅನ್ನಬೇಕೇ! ನನ್ನ ತಲೆ ಅರ್ಧ ನರೆತಿದೆ. "ನಿಮ್ಮ ತಲೆ!" ಅಂತ ಎದ್ದು ಬಂದೆ.

ಮುಂದಿನದು ಕಿತ್ತಳೆ. ಕಹಿ, ಅಬ್ಬಬ್ಬಾ, ಸಿಪ್ಪೆಯನ್ನೂ ಬೀಜವನ್ನೂ ಸೇರಿಸಿ ಅರೆದ ಹಾಗೆ. ಆಮೇಲೆ ದ್ರಾಕ್ಷಿ. ಅದರ ಹುಳಿಗೆ ನನ್ನ ಕಿವಿಯೆಲ್ಲ ಜುಂ ಅಂದಿತು. ಪ್ರತಿ ಸಲವೂ ಅತ್ತೆ ಅದೇ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದರು. ಈಗ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳುತ್ತಿದ್ದರು, ಇನ್ನೊಬ್ಬರಿಗೆ ಕೇಳಿಸದ ಹಾಗೆ. ನಾನು ಬಟ್ಟೆ ಮಡಿಸುತ್ತಿದ್ದರೆ ಹತ್ತಿರ ಬಂದು "ನಿಜ ಹೇಳು, ಹೇಗಿತ್ತು?" ಅನ್ನುವರು. ನಾನು "ತುಂಬಾ ಚೆನ್ನಾಗಿತ್ತು ಅತ್ತೆ" ಅನ್ನುವೆ. ಹೊಗಳಿದಷ್ಟೂ ಅವರು ಬಾಡುತ್ತಿದ್ದರು. ಊಟ ಕಡಿಮೆಯಾಯಿತು. ನನ್ನ ಅಡುಗೆಯನ್ನು ಬಾಯಿಗಿಟ್ಟು ನಿಲ್ಲಿಸುವುದೂ ನಿಂತುಹೋಯಿತು. ತಲೆ ತಗ್ಗಿಸಿ ಸುಮ್ಮನೆ ನುಂಗುತ್ತಿದ್ದರು. ಅದನ್ನು ನೋಡಿ ನಾನು, ಪೆದ್ದಿ, ಕೊನೆಗೂ ನನ್ನ ಅಡುಗೆ ಸರಿಹೋಯಿತು ಅಂದುಕೊಂಡೆ.

ನನ್ನ ಗಂಡ ಗಡಿಯಾರ ರಿಪೇರಿ ಮಾಡುವವರು. ಅವರ ಪ್ರಕಾರ ಲೋಕದ ಎಲ್ಲ ತೊಂದರೆಯೂ ಯಾವುದಾದರೂ ಒಂದು ಸ್ಕ್ರೂವಿನಲ್ಲಿ ಇರುತ್ತದೆ. ಕಲ್ಲಂಗಡಿ ಕ್ಯಾಂಡಿ ಗಟ್ಟಿಯಾಗದೆ ಬಿದ್ದದ್ದನ್ನು ನೋಡಿದ್ದರಲ್ಲ, ಫ್ರಿಜ್ಜು ಕೆಟ್ಟಿದೆ ಅಂತ ಹಿಂಭಾಗವನ್ನೆಲ್ಲ ಬಿಚ್ಚಿ ಹರವಿಕೊಂಡು ಕೂತರು. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅದು ಈಗಲೂ ಫ್ರಿಜ್ಜಿನ ತಲೆಯ ಮೇಲೆಯೇ ಇದೆ, ಮುಟ್ಟಿದರೆ ನನಗೆ ಬೈಯುತ್ತಾರೆ.

ಕಳ್ಳತನ ಬಯಲಾದದ್ದು ಹಿಂದಿನ ಬಾಲ್ಕನಿಯ ಹೂವಿನ ಕುಂಡದ ಹತ್ತಿರ. ಅವತ್ತು ಪಪ್ಪಾಯಿ ಕ್ಯಾಂಡಿ. ಒಂದು ಸಲ ನಾಲಿಗೆಗೆ ತಾಗಿಸಿದವಳೇ, ಸಾಕಪ್ಪಾ ಸಾಕು ಅಂತ ಮೆಲ್ಲಗೆ ಬಾಲ್ಕನಿಗೆ ಹೋಗಿ ಕುಂಡದ ಮಣ್ಣು ಕೆದಕಿದೆ, ಹೂತುಹಾಕೋಣ ಅಂತ. ಮಣ್ಣಿನಲ್ಲಿ ಆಗಲೇ ಕಡ್ಡಿಗಳಿದ್ದವು. ಒಂದಲ್ಲ ಎರಡಲ್ಲ, ಒಂದು ಕಟ್ಟು. ಗಿಡ ಬಾಡಿ ಒಣಗಿ ನಿಂತಿತ್ತು, ಪಾಪ, ಅದಕ್ಕೂ ಉಪ್ಪು ಸಹಿಸಲಾಗಿಲ್ಲ. ನಾನು ಬೆರಗಾಗಿ ನೋಡುತ್ತಿರುವಾಗ ಹಿಂದೆ ಹೆಜ್ಜೆಯ ಸಪ್ಪಳ. ನನ್ನ ಗಂಡ, ಕೈ ಬೆನ್ನ ಹಿಂದೆ. ಅವರ ಹಿಂದೆ ಮಾವ, ಟವೆಲ್ಲಿನೊಳಗೆ ಏನೋ ಮುಚ್ಚಿಕೊಂಡು. ಟವೆಲ್ಲಿನ ತುದಿಯಿಂದ ತೊಟ್ಟು ತೊಟ್ಟು ಪಪ್ಪಾಯಿ.

ಮೂವರ ಕೈಯಲ್ಲೂ ಒಂದೊಂದು ಪಪ್ಪಾಯಿ ಕ್ಯಾಂಡಿ.

"ಅಮೃತ ಅಂದ್ರಲ್ಲಾ ಮಾವ?" ಅಂದೆ.

"ಮತ್ತೇನಮ್ಮಾ ಹೇಳ್ಲಿ? ಅವಳ ಕೈಯಲ್ಲಿ ಊಟ ಮಾಡಿ ಬದುಕಬೇಕಲ್ಲ ನಾನು" ಅಂದರು ಮಾವ, ಪಿಸುಮಾತಿನಲ್ಲಿ. "ನನಗೇ ಏನೋ ರೋಗ ಬಂದಿದೆ ಅಂದ್ಕೊಂಡೆ. ನೀವಿಬ್ಬರೂ ಹಾಗೆ ಹೊಗಳ್ತಿದ್ರಲ್ಲ!"

"ನಾನೂ ಹಾಗೇ ಅಂದ್ಕೊಂಡೆ" ಅಂದರು ಗಂಡ.

ನಗು ಬಂತು. ಬಾಯಿ ಮುಚ್ಚಿಕೊಂಡು ನಕ್ಕೆವು. ಆದರೆ ನಗು ಮುಗಿದ ಮೇಲೆ ಹೆದರಿಕೆಯಾಯಿತು. ಕೆಟ್ಟಿರುವುದು ನಮ್ಮ ನಾಲಿಗೆಯಲ್ಲ ಅಂದಮೇಲೆ ಅತ್ತೆಗೆ ಏನೋ ಆಗಿದೆ. ನನ್ನ ಗಂಡ ಹಣೆಗೆ ಬೆರಳಿಟ್ಟು "ಅಮ್ಮಂಗೆ ಮರೆವು ಶುರುವಾಗಿರಬೇಕು, ಒಂದರ ಬದಲು ಇನ್ನೊಂದು ಹಾಕ್ತಿದಾಳೆ" ಅಂದರು. ಮಾವನಿಗೆ ರೇಗಿತು. "ಮರೆವಂತೆ ಮರೆವು! ಮದುವೆಯಾದ ವರ್ಷ ನಾನು ಕೊಡಿಸ್ತೀನಿ ಅಂತ ಹೇಳಿ ಕೊಡಿಸದೇ ಇದ್ದ ಕೊಡೆಯನ್ನ ನಿನ್ನೆ ಕೂಡ ಜ್ಞಾಪಿಸಿದಾಳೆ." ಹಾಗಾದರೆ ಇನ್ನೇನು? ಯಾರಿಗೂ ಗೊತ್ತಿಲ್ಲ. ಕೊನೆಗೆ, ಸದ್ಯಕ್ಕೆ ಯಾರೂ ಏನೂ ಹೇಳುವುದು ಬೇಡ, ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ತಿಂದು ಚೆನ್ನಾಗಿದೆ ಅನ್ನುತ್ತಿರೋಣ ಅಂತ ಮೂವರೂ ತೀರ್ಮಾನ ಮಾಡಿದೆವು. ಎಂಥಾ ಬುದ್ಧಿವಂತರು ನೋಡಿ ನಾವು.

ಆ ಶುಕ್ರವಾರ ಬೆಳಿಗ್ಗೆ ನರ್ಸಮ್ಮ ಖಾಲಿ ಚೀಲ ಹಿಡಿದುಕೊಂಡೇ ಬಂದಳು. ವಾರ್ಡಿಗೆ ಹೊಸದಾಗಿ ಬಂದ ಒಂದು ಮಗು ಆಪರೇಷನ್ ಆದಮೇಲೆ ಏನೂ ನುಂಗುತ್ತಿಲ್ಲ, ಕೈಗೆ ಸೂಜಿ ಚುಚ್ಚಿ ಗ್ಲೂಕೋಸ್ ಹಾಕಿ ಮಲಗಿಸಿದ್ದೇವೆ ಅಂದಳು. "ಒಂದೆರಡಾದ್ರೂ ಮಾಡಿಕೊಡಿ ಅಮ್ಮಾ" ಅಂತ ಅಂಗಲಾಚಿದಳು. ಅತ್ತೆ ಅವಳ ಕೈ ಹಿಡಿದುಕೊಂಡರು. ಆಮೇಲೆ "ಇನ್ನು ಮೇಲೆ ಆಗಲ್ಲಮ್ಮ. ಬೇರೆ ಯಾರನ್ನಾದ್ರೂ ನೋಡ್ಕೋ. ಈ ಮನೇಲಿ ನಂಬೋಕೆ ಒಬ್ಬರೂ ಇಲ್ಲ" ಅಂದರು.

ಆ ಮಾತು ನನ್ನ ಎದೆಗೆ ನಾಟಿತು. ನಂಬೋಕೆ ಒಬ್ಬರೂ ಇಲ್ಲವೇ? ನಾನೇನು ಮಾಡಿದೆ? ಅವರು ಕೊಟ್ಟ ವಿಷವನ್ನೆಲ್ಲ ಅಮೃತ ಅಂತ ನುಂಗಿದ್ದಕ್ಕೆ ಇದಾ ಬಹುಮಾನ? ಇಡೀ ದಿನ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಲಾಂಡ್ರಿಯಲ್ಲಿ ಒಬ್ಬರು ಕೋಟು ತಂದು, ಇದರ ಕಲೆ ಹೋಗುತ್ತಾ ಅಂದರು. "ಹೋಗಲ್ಲ" ಅಂದೆ. ಸ್ವಲ್ಪ ನೋಡಿ ಹೇಳಿ ಅಂದರು. "ನೋಡಿಯೇ ಹೇಳ್ತಿದೀನಿ, ಹೋಗಲ್ಲ, ಸುಮ್ನೆ ಆಸೆ ಇಟ್ಕೋಬೇಡಿ" ಅಂದೆ. ಕೌಂಟರಿನಲ್ಲಿ ನಾನು ಹಾಗೇ, ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. ಅದಕ್ಕೆ ಬೈಸಿಕೊಂಡೂ ಇದ್ದೇನೆ, ಅವತ್ತೂ ಬೈಸಿಕೊಂಡೆ.

ಕಾಲು ಎಳೆದುಕೊಂಡು ಮನೆಗೆ ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಅತ್ತೆ ಎದುರಿಗೆ ಬಂದು ನಿಂತರು. ಕೈಯಲ್ಲಿ ಮಾವಿನಹಣ್ಣಿನ ಕ್ಯಾಂಡಿ. "ಇದೇ ಕೊನೇದು. ತಿಂದು ಹೇಳು" ಅಂದರು. ಕಚ್ಚಿದೆ. ಉಪ್ಪು, ಅದರ ಹಿಂದೆ ಕಹಿ, ಅಂಗುಳಿಗೆ ಅಂಟಿಕೊಳ್ಳುವಂಥ ಕಹಿ. ಮಾವ ಕುರ್ಚಿಯಿಂದ ನನಗೆ ಬೇಡ ಬೇಡ ಅಂತ ಸನ್ನೆ ಮಾಡುತ್ತಿದ್ದರು. ಗಂಡ ಗಡಿಯಾರ ಬಿಚ್ಚುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಹೇಗಿದೆ?"

"ದರಿದ್ರವಾಗಿದೆ ಅತ್ತೆ!" ಅಂದುಬಿಟ್ಟೆ. "ನಾಯಿ ಕೂಡ ಮುಟ್ಟಲ್ಲ ಇದನ್ನ. ಇದು ಮಾತ್ರ ಅಲ್ಲ, ಆವತ್ತಿನ ಕಲ್ಲಂಗಡಿ, ಕಿತ್ತಳೆ, ದ್ರಾಕ್ಷಿ, ಯಾವುದೂ ಬಾಯಿಗಿಡೋ ಹಾಗಿರಲಿಲ್ಲ. ನಾವು ಮೂವರೂ ಕುಂಡದಲ್ಲಿ ಹೂತು ಹಾಕಿದೀವಿ, ಆ ಗಿಡ ಕೂಡ ಸತ್ತುಹೋಯ್ತು!"

ಮಾವ ತಲೆಯ ಮೇಲೆ ಕೈ ಹೊತ್ತುಕೊಂಡರು. ಮುಗಿಯಿತು, ಈ ಮನೆಯಲ್ಲಿ ಇನ್ನು ನನ್ನ ಅನ್ನದ ಋಣ ತೀರಿತು ಅಂದುಕೊಂಡೆ. ಅತ್ತೆ ಒಂದು ಹೆಜ್ಜೆ ಮುಂದೆ ಬಂದು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನಾಗಿದೆ ಹೇಳು. ಇದರಲ್ಲಿ ಏನಿದೆ?"

"ಉಪ್ಪು."

"ಮತ್ತೆ?"

"ಕಹಿ."

"ಯಾವುದು ಮೊದಲು ಬಂತು?"

"ಉಪ್ಪು ಮೊದಲು. ಕಹಿ ಆಮೇಲೆ, ಹಿಂದಿನಿಂದ."

"ಎಲ್ಲಿ ತಾಗ್ತಿದೆ ಕಹಿ?"

"ಗಂಟಲ ಹತ್ತಿರ. ಅತ್ತೆ, ತೋಳು ನೋಯ್ತಿದೆ, ಬಿಡಿ."

ಬಿಡಲಿಲ್ಲ. ನೋಡನೋಡುತ್ತಿದ್ದಂತೆ ಅವರ ಕಣ್ಣಿನಿಂದ ದಳದಳ ನೀರು ಇಳಿಯಿತು. ಅಷ್ಟು ವರ್ಷದಲ್ಲಿ ಅತ್ತೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನನಗೆ ದಿಕ್ಕೇ ತೋಚಲಿಲ್ಲ, ಬೈದದ್ದಕ್ಕೆ ಅಳುತ್ತಿದ್ದಾರೋ ಇನ್ಯಾವುದಕ್ಕೋ!

"ಸರಿಯಾಗಿ ಹೇಳಿದೆ ಕಣೆ" ಅಂದರು. "ಉಪ್ಪು ಹಾಕಿದ್ದೆ. ಕಿತ್ತಳೆ ಬೀಜ ಅರೆದು ಹಾಕಿದ್ದೆ. ಬೇಕು ಅಂತಲೇ ಹಾಕಿದ್ದೆ."

"ಬೇಕು ಅಂತಾನಾ?" ಅಂದೆವು ಮೂವರೂ.

ಆಗ ಹೇಳಿದರು. ಜ್ವರ ಬಂದು ಹೋಯಿತಲ್ಲ, ಅದರ ಜೊತೆಗೇ ಅವರ ರುಚಿಯೂ ಹೋಗಿತ್ತು. ಮೊದಲು ಕಾಫಿ ಬರೀ ಬಿಸಿನೀರಾಯಿತು. ಆಮೇಲೆ ಅನ್ನ, ಹಣ್ಣು, ಉಪ್ಪು, ಸಕ್ಕರೆ, ಎಲ್ಲ ಒಂದೇ. ಬಿಸಿ ತಣ್ಣಗೆ ಗೊತ್ತಾಗುತ್ತದೆ, ಗಟ್ಟಿ ಮೆತ್ತಗೆ ಗೊತ್ತಾಗುತ್ತದೆ, ಅಷ್ಟೇ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಅಂತ ಕಾದರು, ಬರಲಿಲ್ಲ. ಹುಳಿ ಇದೆಯೋ ಇಲ್ಲವೋ ತಿಳಿಯದೆ ಆ ಮಕ್ಕಳ ಬಾಯಿಗೆ ಹೇಗೆ ಕಳಿಸಲಿ ಅಂತ ಚೀಲ ನಿಲ್ಲಿಸಿದರು. ಆಮೇಲೆ ಯೋಚನೆ ಬಂತು: ನನ್ನ ನಾಲಿಗೆ ಹೋದರೇನು, ಮನೆಯಲ್ಲಿ ಇನ್ನೂ ಮೂರಿವೆ. ಆದರೆ ಯಾರ ಮಾತನ್ನು ನಂಬುವುದು? ಅದಕ್ಕೆ ಅವರಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ನಮಗೆಲ್ಲ ಕಳ್ಳ ಲೋಟ ಇಟ್ಟರು.

"ಉಪ್ಪು ಹಾಕಿದ್ರೂ ಚೆನ್ನಾಗಿದೆ ಅಂದ್ರಿ. ಕಹಿ ಹಾಕಿದ್ರೂ ಚೆನ್ನಾಗಿದೆ ಅಂದ್ರಿ. ಕೊನೆಕೊನೆಗೆ ನನಗೇ ತಲೆ ಕೆಟ್ಟುಹೋಯ್ತು. ನಾನು ಉಪ್ಪು ಹಾಕಿದ್ದು ನಿಜಾನಾ, ಹಾಕಿದೀನಿ ಅಂತ ಭ್ರಮೇನಾ? ಡಬ್ಬಿ ತೆಗೆದು ಎಷ್ಟು ಸಲ ನೋಡಿದೆ, ಅದು ಉಪ್ಪೇನಾ ಅಂತ. ನೆಕ್ಕಿ ನೋಡಿದ್ರೆ ಗೊತ್ತಾಗಬೇಕಲ್ಲ!"

ನನ್ನ ಗಂಡ ಎದ್ದು ಬಂದು ಅಮ್ಮನನ್ನು ಕೂರಿಸಿ, ತಾವೂ ಹತ್ತಿರ ನೆಲದ ಮೇಲೆ ಕೂತರು. ಮಾವ ಕುರ್ಚಿಯಲ್ಲೇ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು.

"ಬಾಯಿಬಿಟ್ಟು ಹೇಳಬಾರದಿತ್ತಾ ಅತ್ತೆ?" ಅಂದೆ. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ಹೇಳಿದ್ರೆ ಪಾಪ ಅಂತೀರಿ. ಪಾಪ ಅಂದ್ಮೇಲೆ ಇನ್ನಷ್ಟು ಚೆನ್ನಾಗಿದೆ ಅಂತೀರಿ" ಅಂದರು.

ಅತ್ತೆ ಕಣ್ಣು ಒರೆಸಿಕೊಂಡು ಎದ್ದು ಒಳಗೆ ಹೋಗಿ ಇನ್ನೊಂದು ಕ್ಯಾಂಡಿ ತಂದರು. ಮಾವಿನದೇ, ಆದರೆ ಬಣ್ಣ ತುಸು ತಿಳಿ. ನನ್ನ ಕೈಗೆ ಕೊಟ್ಟು "ಇದು?" ಅಂದರು. ನನಗೆ ಹೆದರಿಕೆ. ಇದರಲ್ಲಿ ಏನು ಹಾಕಿದ್ದಾರೋ! ನಾಲಿಗೆಯ ತುದಿಗೆ ತಾಗಿಸಿದೆ. ಆಮೇಲೆ ಕಚ್ಚಿದೆ. ಆಮೇಲೆ ಇನ್ನೊಂದು ಸಲ ಕಚ್ಚಿದೆ.

"ಚೆನ್ನಾಗಿದೆ ಅತ್ತೆ" ಅಂದೆ. ಇಷ್ಟು ದಿನ ಸುಳ್ಳಿಗೆ ಹೇಳಿದ ಅದೇ ಮಾತು. ಅದನ್ನು ಈಗ ನಿಜಕ್ಕೆ ಹೇಳಬೇಕಾಗಿ ಬಂದು ನನಗೇ ನಾಚಿಕೆಯಾಯಿತು. ಅವರು ಸುಮ್ಮನೆ ನನ್ನನ್ನೇ ನೋಡಿದರು, ನಂಬಲೋ ಬೇಡವೋ ಅಂತ. ನಾನು ಬಿಡಿಸಿ ಹೇಳಿದೆ. "ಮೊದಲು ಸಿಹಿ ಬರುತ್ತೆ, ಜೋರಾಗಿಲ್ಲ. ಹುಳಿ ಇದೆ, ಆದ್ರೆ ಒಂದು ಎಳೆಯಷ್ಟು, ಕಚ್ಚಿ ಮುಗಿದ ಮೇಲೆ ಬರುತ್ತೆ. ಹಸಿ ಗಂಟಲಿಗೆ ಅದೂ ಬೇಡ. ಇನ್ನೊಂದು ಬಾಳೆಹಣ್ಣು ಬೀಳಬೇಕು."

ಅತ್ತೆ ಒಂದು ಕ್ಷಣ ನಿಲ್ಲಿಸಿದರು, ಮೊದಲೆಲ್ಲ ನನ್ನ ಅಡುಗೆಯ ತುತ್ತು ಬಾಯಿಗಿಟ್ಟು ನಿಲ್ಲಿಸುತ್ತಿದ್ದರಲ್ಲ, ಹಾಗೆ. ಆಮೇಲೆ ತಲೆ ಆಡಿಸಿದರು. ಗೂಡಿನಿಂದ ಆ ಉದ್ದ ಹಿಡಿಯ ಚಮಚ ತೆಗೆದು ನನ್ನ ಕೈಗಿಟ್ಟು "ನಡಿ ಒಳಗೆ. ಖರ್ಜೂರ ನೆನೆಸಿದೀನಿ" ಅಂದರು.

ಮಾರನೆಯ ಬೆಳಿಗ್ಗೆ, ಶುಕ್ರವಾರ ಅಲ್ಲದಿದ್ದರೂ, ನರ್ಸಮ್ಮನ ಚೀಲ ತುಂಬಿತು. ಸಂಜೆ ಅವಳು ಮೆಟ್ಟಿಲು ಹತ್ತುವಾಗ ನಮ್ಮ ಬಾಗಿಲಿನಲ್ಲಿ ನಿಂತು, ಆ ಹೊಸ ಮಗು ಅರ್ಧ ಕ್ಯಾಂಡಿ ತಿಂದಿತು, ಮಿಕ್ಕ ಅರ್ಧವನ್ನು ಯಾರಿಗೂ ಕೊಡದೆ ಕರಗಿಸಿಕೊಂಡು ಅಂಗಿಯನ್ನೆಲ್ಲ ಅಂಟು ಮಾಡಿಕೊಂಡಿತು ಅಂದಳು. ಅತ್ತೆ "ಹುಳಿ ಅಂತ ಮುಖ ಹಿಂಡಲಿಲ್ಲ ತಾನೇ?" ಅಂತ ಎರಡೆರಡು ಸಲ ಕೇಳಿದರು.

ಅವರ ರುಚಿ ಮತ್ತೆ ಬರಲಿಲ್ಲ. ಬಂದರೂ ಬರಬಹುದು ಅಂತ ಡಾಕ್ಟರು ಅಂದಿದ್ದಾರೆ. ಈಗಲೂ ಆಗಾಗ ನನಗೆ ಕಳ್ಳ ಲೋಟ ಇಡುತ್ತಾರೆ, ನಾನು ಥೂ ಅಂತ ಕೂಗಿದರೆ ಒಳಗಿನಿಂದ ನಗು ಕೇಳಿಸುತ್ತದೆ. ಮಾವನನ್ನು ಮಾತ್ರ ಯಾವುದಕ್ಕೂ ಕೇಳುವುದಿಲ್ಲ. ಅಮೃತ ಅಂದದ್ದನ್ನು ಅತ್ತೆ ಇನ್ನೂ ಕ್ಷಮಿಸಿಲ್ಲ.

ಮತ್ತೆ ಚೀಲ ತುಂಬಿದ ಅವತ್ತು ಸಂಜೆ, ನರ್ಸಮ್ಮ ಮೇಲೆ ಹೋದ ಮೇಲೆ ಫ್ರೀಜರಿನಲ್ಲಿ ಒಂದು ಉಳಿದಿತ್ತು. ಅತ್ತೆ ಅದನ್ನು ತೆಗೆದುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಲೋಟಗಳನ್ನು ತೊಳೆಯುತ್ತಿದ್ದೆ. ಅವರು ಒಂದು ಸ್ವಲ್ಪ ಕಚ್ಚಿ, ಕಣ್ಣು ಮುಚ್ಚಿಕೊಂಡು, ಬಾಯಲ್ಲಿ ಹಾಗೇ ಇಟ್ಟುಕೊಂಡರು. ತಣ್ಣಗಿರುವುದು ಬಿಟ್ಟರೆ ಅವರಿಗೆ ಏನೂ ತಿಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

"ನಾನು ಈಗ ತಿಂತಿರೋದು ಹೇಗಿದೆ, ಹೇಳು" ಅಂದರು.

ನಾನು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವರು ಕಚ್ಚಿದಾಗಲೆಲ್ಲ ಒಂದೊಂದಾಗಿ ಹೇಳುತ್ತಾ ಹೋದೆ, ಕಡ್ಡಿ ಖಾಲಿಯಾಗುವವರೆಗೂ.